ಕುದುರೆಯ ಫಿಟ್‌ನೆಸ್ ಅಳೆಯಲು ಏನು ಬೇಕು: ಸ್ಟೆತೊಸ್ಕೋಪಾ, ಹಾರ್ಟ್‌ರೇಟ್ ಬೆಲ್ಟಾ, ಲ್ಯಾಕ್ಟೇಟ್ ಮೀಟರಾ?

ಬೆಂಗಳೂರು, ಮೈಸೂರಿನಲ್ಲಿ ರೇಸ್ ಸೀಸನ್ ಇದ್ದಾಗ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿ ಬೆಳಗಿನ ಟ್ರ್ಯಾಕ್‌ವರ್ಕ್ ವರದಿ ಬರುತ್ತದೆ. ಇಂಥ ಕುದುರೆ 600 ಮೀಟರನ್ನು ಇಷ್ಟು ಸೆಕೆಂಡಿನಲ್ಲಿ ಮುಗಿಸಿತು, ಪಕ್ಕದಲ್ಲಿ 'ಸಲೀಸಾಗಿ ಓಡಿತು' ಅಂತ ಒಂದು ಸಾಲು. ಆ ಸೆಕೆಂಡುಗಳನ್ನು ನಂಬಿ ದುಡ್ಡು ಕಟ್ಟುವವರೂ ಇದ್ದಾರೆ. ಆದರೆ ಗಡಿಯಾರ ಕುದುರೆ ಏನು ಮಾಡಿತು ಎಂದಷ್ಟೇ ಹೇಳುತ್ತದೆ. ಅದಕ್ಕಾಗಿ ಮೈ ಎಷ್ಟು ದುಡಿಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಗರಿಷ್ಠ ಬಡಿತ ಒಂದೇ ಇರುವ ಎರಡು ಕುದುರೆಗಳು 600 ಮೀಟರನ್ನು 40 ಸೆಕೆಂಡಿನಲ್ಲಿ ಓಡಿದವು ಅಂದುಕೊಳ್ಳಿ. ಒಂದರ ಎದೆಬಡಿತ ನಿಮಿಷಕ್ಕೆ 195, ಇನ್ನೊಂದರದ್ದು 215. ಮೊದಲನೆಯದರ ಹತ್ತಿರ ಇನ್ನೂ ಸ್ವಲ್ಪ ಓಟ ಉಳಿದಿದೆ. ಎರಡನೆಯದು ಹೆಚ್ಚುಕಡಿಮೆ ಖಾಲಿ.

ಈ ವ್ಯತ್ಯಾಸ ಹಿಡಿಯಲು ಹಲವು ದಾರಿಗಳಿವೆ. ಕೆಲವಕ್ಕೆ ಖರ್ಚೇ ಇಲ್ಲ, ಕೆಲವಕ್ಕೆ ಒಂದು ವಿಶ್ವವಿದ್ಯಾಲಯವೇ ಬೇಕು. ರೇಸ್ ಕುದುರೆ ಇಟ್ಟವರು, ಎಂಡ್ಯೂರೆನ್ಸ್ (ಬಹುದೂರದ ಸವಾರಿ ಸ್ಪರ್ಧೆ) ಮಾಡುವವರು, ಭಾನುವಾರ ಮಾತ್ರ ಸವಾರಿ ಮಾಡುವವರು, ಎಲ್ಲರಿಗೂ ಒಂದೇ ಉತ್ತರ ಇಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಅಳತೆ ನೋಡಿ ನಾಳೆಯ ಕೆಲಸ ಬದಲಿಸುವುದಿಲ್ಲ ಎಂದಾದರೆ ಆ ಅಳತೆಗೆ ಖರ್ಚು ಮಾಡಬೇಡಿ.

ಮೊದಲು, ಏನು ಬದಲಾಗುತ್ತದೆ?

ಮನುಷ್ಯರಲ್ಲಿ ಓಟಗಾರನಿಗೆ ಫಿಟ್‌ನೆಸ್ ಬಂದಂತೆ ಬೆಳಿಗ್ಗೆ ಎದ್ದಾಗಿನ ನಾಡಿ ಇಳಿಯುತ್ತದೆ. ಅದೇ ಲೆಕ್ಕವನ್ನು ಕುದುರೆಗೂ ಹಾಕುವವರು ಜಾಸ್ತಿ. ಕುದುರೆಯಲ್ಲಿ ಅದು ನಡೆಯುವುದಿಲ್ಲ. ಲಾಯದಲ್ಲಿ ಸುಮ್ನೆ ನಿಂತ ಕುದುರೆಯ ಬಡಿತ ನಿಮಿಷಕ್ಕೆ 28ರಿಂದ 44ರ ಒಳಗಿರುತ್ತದೆ. ತಿಂಗಳುಗಟ್ಟಲೆ ತರಬೇತಿ ಕೊಟ್ಟರೂ ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ. ಗರಿಷ್ಠ ಬಡಿತವೂ ಹಾಗೆಯೇ. ರೇಸಿನ ತಳಿಯಾದ ಥರೋಬ್ರೆಡ್‌ನಲ್ಲಿ ಅದು ಸಾಮಾನ್ಯವಾಗಿ 210ರಿಂದ 240. ಫಿಟ್ ಕುದುರೆಗೂ ಅಷ್ಟೇ, ಮೂರು ತಿಂಗಳು ಹುಲ್ಲುಗಾವಲಿನಲ್ಲಿದ್ದು ಬಂದ ಕುದುರೆಗೂ ಅಷ್ಟೇ.

ಬದಲಾಗುವುದು ನಡುವಿನದು. ಅದೇ ವೇಗದಲ್ಲಿ ಓಡಿದಾಗ ಬಡಿತ ಮೊದಲಿಗಿಂತ ಕಡಿಮೆ ಇರುತ್ತದೆ. ಗಟ್ಟಿಯಾಗಿ ದುಡಿಯುವ ಸ್ನಾಯು ಹೊರಬಿಡುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಸೇರಲು ಶುರುವಾಗುವ ವೇಗ ಮೇಲಕ್ಕೆ ಹೋಗುತ್ತದೆ. ಓಟ ನಿಂತ ಮೇಲೆ ಬಡಿತ ಬೇಗ ಇಳಿಯುತ್ತದೆ. ಅಳೆಯಬೇಕಾದದ್ದು ಈ ಮೂರನ್ನೇ.

ಇನ್ನೊಂದು ತಪ್ಪು ಹಾದಿ ರಕ್ತಪರೀಕ್ಷೆಯದ್ದು. ನಿಂತ ಕುದುರೆಯ ರಕ್ತ ತೆಗೆದು, ಕೆಂಪುಕಣ ಎಷ್ಟಿದೆ ನೋಡಿ, 'ಫಿಟ್ ಇದೆ', 'ರಕ್ತ ಕಡಿಮೆ' ಎಂದು ತೀರ್ಪು ಕೊಡುವುದುಂಟು. ಕುದುರೆ ತನ್ನ ಕೆಂಪುಕಣಗಳ ದೊಡ್ಡ ಪಾಲನ್ನು ಗುಲ್ಮದಲ್ಲಿ ಕೂಡಿಟ್ಟಿರುತ್ತದೆ. ಓಡಲು ಶುರು ಮಾಡಿದ ಕೂಡಲೇ ಗುಲ್ಮ ಹಿಂಡಿಕೊಂಡು ಅವನ್ನು ರಕ್ತಕ್ಕೆ ಬಿಡುತ್ತದೆ. ನಿಂತಾಗ ರಕ್ತದಲ್ಲಿ ಕಣಗಳ ಪಾಲು ಶೇಕಡಾ 35ರಿಂದ 45 ಇದ್ದದ್ದು ನಾಗಾಲೋಟದಲ್ಲಿ 60 ದಾಟುತ್ತದೆ. ಸೂಜಿ ನೋಡಿ ಹೆದರಿದರೂ ಒಂದಷ್ಟು ಕಣ ಹೊರಗೆ ಬಂದುಬಿಡುತ್ತವೆ. ಹಾಗಾಗಿ ನಿಂತಾಗ ತೆಗೆದ ರಕ್ತದ ಅಂಕೆಯಿಂದ ಕಾಯಿಲೆ ಹುಡುಕಬಹುದು. ಫಿಟ್‌ನೆಸ್ ಹುಡುಕಲು ಹೋಗಬೇಡಿ.

ಸ್ಟೆತೊಸ್ಕೋಪ್ ಮತ್ತು ವಾಚು

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಬಹಳ ಜನರಿಗೆ ಇದೇ ಸಾಕು ಎಂದು ನನ್ನ ನಂಬಿಕೆ. ಕುದುರೆಯ ಎಡಕ್ಕೆ ನಿಂತು, ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಪಟ್ಟಿ ಕೂರುವ ಜಾಗದಲ್ಲಿ ಸ್ಟೆತೊಸ್ಕೋಪನ್ನು ಸ್ವಲ್ಪ ಒಳಕ್ಕೆ ತಳ್ಳಿ ಇಡಬೇಕು. 'ಲಬ್-ಡಬ್' ಎಂದು ಎರಡು ಸದ್ದು ಕೇಳುತ್ತದೆ. ಎರಡೂ ಸೇರಿ ಒಂದು ಬಡಿತ. ಹೊಸಬರು ಇಲ್ಲೇ ಎಡವಿ ಬಡಿತವನ್ನು ದುಪ್ಪಟ್ಟು ಎಣಿಸುತ್ತಾರೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಆಯಿತು.

ಇಲ್ಲಿ ಒಂದು ವಿಚಿತ್ರ ಕೇಳಿಸಬಹುದು. ಶಾಂತವಾಗಿ ನಿಂತ, ಚೆನ್ನಾಗಿ ತಯಾರಾದ ಕುದುರೆಯಲ್ಲಿ ಮೂರು ಬಡಿತ ಸರಿಯಾಗಿ ಬಂದು ನಾಲ್ಕನೆಯದು ಬರುವುದೇ ಇಲ್ಲ. ಒಂದು ಕ್ಷಣ ಪೂರ್ತಿ ನಿಶ್ಶಬ್ದ. ಆಮೇಲೆ ಮತ್ತೆ ಏನೂ ಆಗದ ಹಾಗೆ ಶುರು. ಮೊದಲ ಸಲ ಕೇಳಿದವರ ಎದೆಯೇ ಒಂದು ಬಡಿತ ತಪ್ಪುತ್ತದೆ! ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ನಾಲ್ಕು ಹೆಜ್ಜೆ ಟ್ರಾಟ್ (ನಡಿಗೆಗಿಂತ ತುಸು ವೇಗದ ಕುಲುಕು ಓಟ) ಮಾಡಿಸಿದರೆ ಮಾಯವಾಗುತ್ತದೆ. ಓಡಿದ ಮೇಲೂ ಬಡಿತ ತಪ್ಪುತ್ತಲೇ ಇದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಿ.

ಈ ದಾರಿಯ ಮಿತಿ ದೊಡ್ಡದು. ಗ್ಯಾಲಪ್ (ನಾಗಾಲೋಟ) ಮುಗಿಸಿ, ವೇಗ ಇಳಿಸಿ, ಸವಾರ ಕೆಳಗಿಳಿದು, ಕುದುರೆ ನೋಡಿಕೊಳ್ಳುವ ಸೈಸ್ ಲಗಾಮು ಹಿಡಿದು ನಿಲ್ಲಿಸುವ ಹೊತ್ತಿಗೆ ಬಡಿತ ಅರ್ಧಕ್ಕೆ ಬಂದಿರುತ್ತದೆ. ಮೊದಲ ಒಂದು ನಿಮಿಷದಲ್ಲೇ ಅದು ದಬದಬ ಇಳಿಯುತ್ತದೆ. ಓಡುವಾಗ ಎಷ್ಟಿತ್ತು ಎಂದು ಸ್ಟೆತೊಸ್ಕೋಪಿನಿಂದ ತಿಳಿಯುವುದು ಸಾಧ್ಯವೇ ಇಲ್ಲ. ಇದು ಹೇಳುವುದು ಚೇತರಿಕೆಯನ್ನು ಮಾತ್ರ. ಚೇತರಿಕೆಯೇ ಮುಖ್ಯವಾದ ಆಟ ಒಂದಿದೆ, ಎಂಡ್ಯೂರೆನ್ಸ್. ಅಲ್ಲಿ ಪ್ರತಿ ಸುತ್ತಿನ ನಂತರ ವೆಟ್‌ಗೇಟ್ ಎಂಬ ತಪಾಸಣೆಯ ಜಾಗದಲ್ಲಿ ಪಶುವೈದ್ಯರು ಬಡಿತ ನೋಡುತ್ತಾರೆ. ಸಾಮಾನ್ಯ ಮಿತಿ 64. ನಿಗದಿತ ನಿಮಿಷಗಳೊಳಗೆ ಅಷ್ಟಕ್ಕೆ ಇಳಿಯದಿದ್ದರೆ ಕುದುರೆ ಅಲ್ಲಿಗೇ ಹೊರಗೆ, ಎಷ್ಟೇ ಮುಂದಿದ್ದರೂ.

ಅದೇ ಲೋಕದ ಒಂದು ಸುಲಭ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಬಡಿತ ಎಣಿಸಿ ಬರೆದಿಡಿ. ಕುದುರೆಯನ್ನು ಸುಮಾರು 38 ಮೀಟರ್ ಟ್ರಾಟ್‌ನಲ್ಲಿ ಕರೆದೊಯ್ದು ವಾಪಸ್ ತನ್ನಿ. ಟ್ರಾಟ್ ಶುರು ಮಾಡಿದ್ದರಿಂದ ಸರಿಯಾಗಿ ಒಂದು ನಿಮಿಷಕ್ಕೆ ಮತ್ತೆ ಎಣಿಸಿ. ಮೊದಲಿನಷ್ಟೇ ಅಥವಾ ಕಡಿಮೆ ಇದ್ದರೆ ಒಳ್ಳೆಯದು. ನಾಲ್ಕಕ್ಕಿಂತ ಜಾಸ್ತಿ ಏರಿದ್ದರೆ ಕುದುರೆ ದಣಿದಿದೆ ಅಥವಾ ಎಲ್ಲೋ ನೋಯುತ್ತಿದೆ. ಕುಂಟುವುದು ಕಣ್ಣಿಗೆ ಕಾಣುವ ಮೊದಲೇ ನೋವು ಬಡಿತದಲ್ಲಿ ಕಾಣಿಸಿಕೊಳ್ಳುವುದುಂಟು.

ಹಾರ್ಟ್‌ರೇಟ್ ಬೆಲ್ಟ್ ಮತ್ತು ಜಿಪಿಎಸ್

ಓಡುವಾಗಿನ ಬಡಿತ ಬೇಕು ಅಂದರೆ ಇದೇ ದಾರಿ. ಪೋಲಾರ್‌ನಂಥ ಕಂಪನಿಗಳು ಕುದುರೆಗೆಂದೇ ಬೆಲ್ಟ್ ಮಾಡುತ್ತವೆ. ರೇಸ್ ಲಾಯಗಳಿಗೆ ಫ್ರಾನ್ಸಿನ ಎಕ್ವಿಮೆಟ್ರ್‌ನಂಥ ಉಪಕರಣ ಇದೆ. ಅದು ಬಡಿತ, ವೇಗ, ಹೆಜ್ಜೆಯ ಉದ್ದ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಬಡಿತ ಒಂದೇ ಇದ್ದರೆ ಪ್ರಯೋಜನ ಅರ್ಧ. ಯಾವ ವೇಗದಲ್ಲಿ ಎಷ್ಟು ಬಡಿತ ಅನ್ನುವ ಜೋಡಿಯೇ ನಿಜವಾದ ಮಾಹಿತಿ.

ನಡಿಗೆಯಲ್ಲಿ 60ರಿಂದ 80, ಟ್ರಾಟ್‌ನಲ್ಲಿ 80ರಿಂದ 140, ಕ್ಯಾಂಟರ್‌ನಲ್ಲಿ 120ರಿಂದ 170, ಅದರ ಮೇಲೆ ಗ್ಯಾಲಪ್. ಅಂದಾಜು ಹೀಗಿರುತ್ತದೆ. 120ರ ಕೆಳಗಿನ ಅಂಕೆಗಳಿಗೆ ಜಾಸ್ತಿ ಬೆಲೆ ಕೊಡಬೇಡಿ. ಪ್ಲಾಸ್ಟಿಕ್ ಚೀಲ ಹಾರಿದರೂ, ಪಕ್ಕದಲ್ಲಿ ಬೈಕ್ ಸ್ಟಾರ್ಟ್ ಆದರೂ ನಿಂತ ಕುದುರೆಯ ಬಡಿತ 100 ಮುಟ್ಟುತ್ತದೆ. ಅದಕ್ಕೂ ಫಿಟ್‌ನೆಸ್‌ಗೂ ಸಂಬಂಧವಿಲ್ಲ. ಕೆಲಸ ಗಟ್ಟಿಯಾದಂತೆ ಹೆದರಿಕೆಯ ಪಾಲು ಕರಗಿ, ಬಡಿತ ಮತ್ತು ವೇಗ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತವೆ.

ಆ ಗೆರೆಯ ಮೇಲೆ ಬಡಿತ 200 ಮುಟ್ಟುವ ವೇಗಕ್ಕೆ ವಿ200 ಎಂದು ಹೆಸರು. ಜೂನ್‌ನಲ್ಲಿ ಒಂದು ಕುದುರೆಯ ವಿ200 ಗಂಟೆಗೆ 38 ಕಿಲೋಮೀಟರ್ ಇದ್ದು ಆಗಸ್ಟ್‌ನಲ್ಲಿ 42 ಆಗಿದ್ದರೆ ತರಬೇತಿ ಫಲ ಕೊಟ್ಟಿದೆ ಎಂದರ್ಥ. ಸವಾರಿ ಕುದುರೆಯನ್ನು 200ರವರೆಗೆ ಓಡಿಸುವ ಅಗತ್ಯವಿಲ್ಲ. 140 ಅಥವಾ 150ರ ವೇಗ ನೋಡಿದರೂ ಸಾಕು. ಹೋಲಿಸುವುದು ಮಾತ್ರ ಅದೇ ಕುದುರೆಯ ಹಳೆಯ ಅಂಕೆಯ ಜೊತೆ. ಪಕ್ಕದ ಲಾಯದ ಕುದುರೆಯ ಗರಿಷ್ಠ ಬಡಿತವೇ ಬೇರೆ ಇರಬಹುದು.

ಬೆಲ್ಟಿನ ತಾಪತ್ರಯಗಳೂ ಇವೆ. ಒಂದು ಎಲೆಕ್ಟ್ರೋಡ್ ಎಡ ಬೆನ್ನಿನ ಮೇಲೆ ಜೀನಿನ ಕೆಳಗೆ, ಇನ್ನೊಂದು ಎಡ ಮೊಣಕೈ ಹಿಂದೆ ಪಟ್ಟಿಯ ಕೆಳಗೆ ಕೂರಬೇಕು. ಕೂದಲು ಒಣಗಿದ್ದರೆ ಪರದೆಯ ಮೇಲೆ ಬರೀ ಅಸಂಬದ್ಧ. ಸ್ಪಂಜಿನಲ್ಲಿ ನೀರು ಹಿಂಡಿ ಚರ್ಮಕ್ಕೆ ಇಳಿಯುವವರೆಗೂ ಒದ್ದೆ ಮಾಡಬೇಕು. ಆಮೇಲೆ ಕುದುರೆಯ ಬೆವರೇ ಆ ಕೆಲಸ ನೋಡಿಕೊಳ್ಳುತ್ತದೆ. ನಿಂತ ಕುದುರೆಗೆ ಉಪಕರಣ 80 ತೋರಿಸುತ್ತಾ, ಸ್ಟೆತೊಸ್ಕೋಪ್ 40 ಹೇಳುತ್ತಿದ್ದರೆ ಗಾಬರಿ ಬೇಡ. ಕುದುರೆಯ ಇಸಿಜಿಯಲ್ಲಿ ಟಿ ಅಲೆ (ಪ್ರತಿ ಬಡಿತದ ಕೊನೆಗೆ ಬರುವ ಅಲೆ) ದೊಡ್ಡದು. ಯಂತ್ರ ಅದನ್ನೂ ಒಂದು ಬಡಿತ ಎಂದು ಎಣಿಸಿಬಿಟ್ಟಿರುತ್ತದೆ.

ಇನ್ನೊಂದು ಮಾತು. ಬೆಂಗಳೂರಿನ ತಂಪು ಬೆಳಗಿನ ಅಂಕೆಯನ್ನು ಚೆನ್ನೈ ಅಥವಾ ಮುಂಬೈನ ಸೆಕೆಯ ಅಂಕೆಯ ಪಕ್ಕ ಇಟ್ಟರೆ ಕುದುರೆ ಹಿಂದೆ ಬಿತ್ತು ಅನ್ನಿಸುತ್ತದೆ. ಸೆಕೆಯಲ್ಲಿ ಮೈ ತಂಪು ಮಾಡಿಕೊಳ್ಳಲು ಚರ್ಮಕ್ಕೂ ರಕ್ತ ಹರಿಯಬೇಕು, ಬಡಿತ ಏರಲೇಬೇಕು. ಮಳೆಗೆ ನೆಂದ ಭಾರದ ಟ್ರ್ಯಾಕು, ಆಳದ ಮರಳು, ಏರು, ಸವಾರನ ತೂಕ ಎಲ್ಲವೂ ಹೀಗೆಯೇ ಅಂಕೆ ಕೆಡಿಸುತ್ತವೆ. ಅದೇ ಜಾಗ, ಅದೇ ಸವಾರ, ಅದೇ ಹೊತ್ತು. ಇದಕ್ಕೆ ಬದ್ಧರಾಗದವರಿಗೆ ಬೆಲ್ಟ್ ಒಂದು ಆಟಿಕೆ.

ಲ್ಯಾಕ್ಟೇಟ್ ಮೀಟರ್

ಸಕ್ಕರೆ ಕಾಯಿಲೆಯವರು ಬಳಸುವ ಗ್ಲುಕೋಮೀಟರ್ ನೋಡಿದ್ದೀರಲ್ವಾ? ನೋಡಲೂ ಬಳಸಲೂ ಹಾಗೆಯೇ. ಪಟ್ಟಿಗೆ ಒಂದು ಹನಿ ರಕ್ತ, ಕೆಲವು ಸೆಕೆಂಡಿನಲ್ಲಿ ಅಂಕೆ. ರಕ್ತವನ್ನು ಮಾತ್ರ ಕುದುರೆಯ ಕತ್ತಿನ ದೊಡ್ಡ ನಾಳದಿಂದ ತೆಗೆಯಬೇಕು, ಅದು ಪಶುವೈದ್ಯರ ಕೆಲಸ.

ನಿಂತ ಕುದುರೆಯಲ್ಲಿ ಲ್ಯಾಕ್ಟೇಟ್ ಲೀಟರಿಗೆ 1 ಮಿಲಿಮೋಲ್ ಆಸುಪಾಸು. ನಿಧಾನದ ಕೆಲಸದಲ್ಲಿ ಅದು ಅಲುಗುವುದೇ ಇಲ್ಲ. ಒಂದು ವೇಗ ದಾಟಿದ ಮೇಲೆ ಸರ್ರನೆ ಏರುತ್ತದೆ. ರೇಸ್ ಮುಗಿದ ಮೇಲೆ 20, 30 ಬಂದರೂ ಆಶ್ಚರ್ಯವಿಲ್ಲ. ವಿಜ್ಞಾನಿಗಳು 4 ಮಿಲಿಮೋಲ್ ಎಂಬ ಗೆರೆ ಎಳೆದು, ಆ ಮಟ್ಟ ಮುಟ್ಟುವ ವೇಗ ಎಷ್ಟು ಎಂದು ನೋಡುತ್ತಾರೆ. ತರಬೇತಿಯಿಂದ ಆ ವೇಗ ಏರುತ್ತದೆ. ಬಡಿತಕ್ಕಿಂತ ಇದು ಸ್ನಾಯುವಿನ ಒಳಗಿನ ಕಥೆಗೆ ಹತ್ತಿರ. ಅದಕ್ಕೇ ಗಂಭೀರವಾಗಿ ರೇಸ್ ತಯಾರಿ ಮಾಡುವವರಿಗೆ ಇದು ಉಪಯುಕ್ತ. ಇವತ್ತಿನ ಕೆಲಸ ಗೆರೆಯ ಕೆಳಗಿತ್ತಾ ಮೇಲಿತ್ತಾ ಎಂದು ಖಚಿತವಾಗಿ ತಿಳಿಯುತ್ತದೆ.

ಷರತ್ತುಗಳೂ ಅಷ್ಟೇ ಬಿಗಿ. ಕೆಲಸ ನಿಂತು ಎಷ್ಟು ನಿಮಿಷಕ್ಕೆ ರಕ್ತ ತೆಗೆದಿರಿ ಎಂಬುದರ ಮೇಲೆ ಅಂಕೆ ಬದಲಾಗುತ್ತದೆ. ಎರಡು ನಿಮಿಷ ಎಂದು ಇಟ್ಟುಕೊಂಡರೆ ಪ್ರತಿ ಸಲವೂ ಎರಡೇ. ನಡುವೆ ಕುದುರೆಯನ್ನು ನಡೆಸಿದಿರಾ, ನಿಲ್ಲಿಸಿದಿರಾ ಎಂಬುದೂ ಲೆಕ್ಕಕ್ಕೆ ಬರುತ್ತದೆ, ನಡೆಸಿದರೆ ಲ್ಯಾಕ್ಟೇಟ್ ಬೇಗ ಕರಗುತ್ತದೆ. ಲ್ಯಾಬಿಗೆ ಕಳಿಸುವುದಾದರೆ ಫ್ಲೋರೈಡ್ ಇರುವ ಟ್ಯೂಬೇ ಬೇಕು, ಇಲ್ಲವಾದರೆ ಟ್ಯೂಬಿನೊಳಗಿನ ಕೆಂಪುಕಣಗಳು ತಾವೇ ಲ್ಯಾಕ್ಟೇಟ್ ತಯಾರಿಸುತ್ತಾ ಕೂರುತ್ತವೆ. ಕೈಮೀಟರ್ ಇಡೀ ರಕ್ತವನ್ನು ಅಳೆಯುತ್ತದೆ, ಲ್ಯಾಬು ಹೆಚ್ಚಾಗಿ ಪ್ಲಾಸ್ಮಾವನ್ನು (ಕಣ ಬಿಟ್ಟ ದ್ರವಭಾಗ). ಎರಡರ ಅಂಕೆ ಹೊಂದುವುದಿಲ್ಲ, ಬೆರೆಸಬೇಡಿ. ರೇಸ್ ದಿನ ಹತ್ತಿರ ಇದ್ದರೆ ಸೂಜಿ ಚುಚ್ಚುವ ಮೊದಲು ಕ್ಲಬ್ಬಿನ ನಿಯಮ ಕೇಳಿಕೊಳ್ಳಿ.

ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟೇಟನ್ನು ಬೈಯುವ ರೂಢಿ ಇನ್ನೂ ಹೋಗಿಲ್ಲ. ಅದು ಒಂದೆರಡು ಗಂಟೆಯೊಳಗೆ ರಕ್ತದಿಂದ ಹೊರಟುಹೋಗಿರುತ್ತದೆ. ಸ್ನಾಯುವಿಗೆ ಪೆಟ್ಟಾಗಿದೆಯಾ ಎಂಬ ಅನುಮಾನ ಇದ್ದರೆ ಕೇಳಬೇಕಾದ ಪರೀಕ್ಷೆ ಸಿಕೆ ಮತ್ತು ಎಎಸ್‌ಟಿ, ಪೆಟ್ಟಾದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಎರಡು ಕಿಣ್ವಗಳು. ಸಿಕೆ ಕೆಲಸದ ನಂತರ ನಾಲ್ಕರಿಂದ ಆರು ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಎಎಸ್‌ಟಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ.

ಟ್ರೆಡ್‌ಮಿಲ್ ಮತ್ತು ಆಮ್ಲಜನಕದ ಮುಖವಾಡ

ಅಳತೆಗಳ ರಾಜ ಇದೇ. ಕುದುರೆಯ ಮೂತಿಗೆ ಮುಖವಾಡ ಹಾಕಿ, ದೊಡ್ಡ ಟ್ರೆಡ್‌ಮಿಲ್ ಮೇಲೆ ಹಂತಹಂತವಾಗಿ ಓಡಿಸಿ, ಎಷ್ಟು ಆಮ್ಲಜನಕ ಬಳಸಿತು ಎಂದು ಅಳೆಯುತ್ತಾರೆ. ಜರ್ಮನಿಯಲ್ಲಿ ನಾಥನ್ ಝುಂಟ್ಸ್ 19ನೇ ಶತಮಾನದಲ್ಲೇ ಕುದುರೆಯನ್ನು ಟ್ರೆಡ್‌ಮಿಲ್ ಹತ್ತಿಸಿದ್ದರು. 1960ರ ದಶಕದಲ್ಲಿ ಸ್ವೀಡನ್ನಿನ ಸುನೆ ಪರ್ಸನ್ ಆ ಕೆಲಸವನ್ನು ಇಂದಿನ ರೂಪಕ್ಕೆ ತಂದರು. ಅಲ್ಲಿಂದ ಸಿಕ್ಕ ಅಂಕೆಗಳು ಬೆರಗು ಹುಟ್ಟಿಸುತ್ತವೆ. ವಿಶ್ವಮಟ್ಟದ ಮಾನವ ಓಟಗಾರ ನಿಮಿಷಕ್ಕೆ ಪ್ರತಿ ಕಿಲೋ ತೂಕಕ್ಕೆ 80ರಿಂದ 90 ಮಿಲಿಲೀಟರ್ ಆಮ್ಲಜನಕ ಬಳಸಿದರೆ, ತಯಾರಾದ ಥರೋಬ್ರೆಡ್ 150 ದಾಟುತ್ತದೆ. ತರಬೇತಿಯ ಮೊದಲ ಎರಡು ತಿಂಗಳಲ್ಲೇ ಈ ಅಂಕೆ ಶೇಕಡಾ 10ರಿಂದ 20 ಏರುವುದುಂಟು.

ಆದರೂ ಮಾಲೀಕನೊಬ್ಬ ಇದಕ್ಕಾಗಿ ಪರದಾಡುವುದು ಬೇಡ. ಕುದುರೆಗೆ ಆ ಯಂತ್ರದ ಅಭ್ಯಾಸ ಆಗಲೇ ಹಲವು ಸಲ ಹತ್ತಿಸಬೇಕು. ಮೇಲೆ ಸವಾರ ಇಲ್ಲ, ತಿರುವು ಇಲ್ಲ, ನೆಲವೂ ಬೇರೆ. ಸಂಶೋಧನೆಗೆ, ಅಥವಾ 'ಓಡುವಾಗ ಗಂಟಲಲ್ಲಿ ಸದ್ದು ಬರುತ್ತೆ, ಕಾರಣ ಗೊತ್ತಾಗ್ತಿಲ್ಲ' ಎಂಬ ಕೇಸಿಗೆ ಇದು ಸರಿ. ಆ ಎರಡನೆಯ ಕೆಲಸಕ್ಕೂ ಈಗ ಸವಾರಿ ಮಾಡುತ್ತಲೇ ಗಂಟಲು ನೋಡುವ ಎಂಡೋಸ್ಕೋಪ್ ಬಂದಿದೆ.

ದೊಡ್ಡ ಎದೆಯ ಮೋಹ

ಹರಾಜಿನಲ್ಲಿ ಎಳೆ ಕುದುರೆಯ ಹೃದಯ ಅಳೆದು ಭವಿಷ್ಯ ಹೇಳುವ ಆಸೆ ಹಳೆಯದು. 1932ರಲ್ಲಿ ಸತ್ತ ಫಾರ್ ಲ್ಯಾಪ್ ಎಂಬ ಪ್ರಸಿದ್ಧ ರೇಸ್ ಕುದುರೆಯ ಹೃದಯ ಇವತ್ತಿಗೂ ಕ್ಯಾನ್‌ಬೆರಾದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ತೂಕ 6 ಕಿಲೋಗೂ ಮೇಲೆ. ಮಾಮೂಲಿ ಕುದುರೆಯದ್ದು 4ರಿಂದ 5 ಕಿಲೋ. ಅದೇ ಆಸ್ಟ್ರೇಲಿಯಾದಲ್ಲಿ ಇಸಿಜಿ ಗೆರೆಯ ಅಗಲದಿಂದ 'ಹಾರ್ಟ್ ಸ್ಕೋರ್' ಲೆಕ್ಕ ಹಾಕುವ ಪದ್ಧತಿ ಹುಟ್ಟಿ, ಬಹಳ ಓಡಿ, ಆಮೇಲೆ ನಂಬಿಕೆ ಕಳೆದುಕೊಂಡಿತು. ಈಗಿನ ಎಕೋ ಸ್ಕ್ಯಾನ್ (ಹೃದಯದ ಅಲ್ಟ್ರಾಸೌಂಡ್) ಅದಕ್ಕಿಂತ ಎಷ್ಟೋ ಮೇಲು. ಮೈಗೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗಾತ್ರಕ್ಕೂ ಆಮ್ಲಜನಕ ಬಳಸುವ ಶಕ್ತಿಗೂ ನಂಟು ಇರುವುದು ನಿಜ. ಆದರೂ ಒಂದು ಕುದುರೆ ಗೆಲ್ಲುತ್ತದಾ ಎಂದು ಅದರಿಂದ ಹೇಳಹೋದರೆ ಅದು ಕಣಿ ಹೇಳುವುದೇ ಸರಿ.

ಅಗ್ಗದ ಎರಡು ಅಳತೆಗಳು: ತೂಕ ಮತ್ತು ಜ್ವರಮಾಪಕ

ಜಪಾನ್, ಹಾಂಗ್‌ಕಾಂಗ್‌ಗಳಲ್ಲಿ ರೇಸ್ ಕುದುರೆಯ ಮೈತೂಕವನ್ನು ಜನರಿಗೇ ಪ್ರಕಟಿಸುತ್ತಾರೆ. ತೂಕದ ಯಂತ್ರ ಇಲ್ಲದವರಿಗೆ ಟೇಪು ಸಾಕು. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪಿರ್ರೆಯ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸ್ವಲ್ಪ ಆಚೀಚೆ ಆದರೂ ಏರುತ್ತಿದೆಯಾ ಇಳಿಯುತ್ತಿದೆಯಾ ತಿಳಿಯುತ್ತದೆ. ಕೆಲಸ ಏರಿಸುತ್ತಾ ಹೋಗುವಾಗ ತೂಕ ಬೀಳುತ್ತಿದ್ದು ಹುರುಳಿಯೂ ಬುಟ್ಟಿಯಲ್ಲೇ ಉಳಿಯುತ್ತಿದ್ದರೆ ಯಾವ ಮೀಟರೂ ಬೇಕಿಲ್ಲ, ಕೆಲಸ ತಗ್ಗಿಸಿ.

ಗುದದ ತಾಪಮಾನ ನಿಂತಾಗ 37.5ರಿಂದ 38.5 ಡಿಗ್ರಿ. ಗಟ್ಟಿ ಕೆಲಸದ ನಂತರ 40 ದಾಟುವುದು ಮಾಮೂಲು, 41 ದಾಟಿ ಇಳಿಯದೇ ನಿಂತರೆ ಅಪಾಯ. ಬಿಸಿ ಕುದುರೆಗೆ ತಣ್ಣೀರು ಹಾಕಬಾರದು ಎಂಬ ಮಾತನ್ನು 1996ರ ಅಟ್ಲಾಂಟಾ ಒಲಿಂಪಿಕ್ಸ್ ತಯಾರಿಯ ಸಂಶೋಧನೆಗಳೇ ಅಳಿಸಿಹಾಕಿವೆ. ಧಾರಾಳವಾಗಿ ಸುರಿಯಿರಿ.

ಯಾವ ಮೀಟರಿಗೂ ಸಿಗದ ಭಾಗ

ರಕ್ತದ ಪ್ಲಾಸ್ಮಾ ಒಂದೆರಡು ವಾರದಲ್ಲೇ ಹೆಚ್ಚುತ್ತದೆ. ಹೃದಯ ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಸ್ನಾಯುವಿಗೆ ತಿಂಗಳುಗಳು ಬೇಕು. ಎಲುಬು, ಸ್ನಾಯುಹುರಿಗಳು ಎಲ್ಲಕ್ಕಿಂತ ನಿಧಾನ. ಈ ಅಂತರವೇ ಅಪಾಯದ ಜಾಗ. ಬೆಲ್ಟು 'ಕುದುರೆ ತಯಾರು' ಎನ್ನುತ್ತದೆ, ಲ್ಯಾಕ್ಟೇಟ್ ಹೌದು ಎನ್ನುತ್ತದೆ, ಹುಮ್ಮಸ್ಸಿನಲ್ಲಿ ಟ್ರೇನರ್ ವೇಗ ಏರಿಸುತ್ತಾನೆ. ಮುಂಗಾಲಿನ ಹುರಿ ಇನ್ನೂ ತಯಾರಿರುವುದಿಲ್ಲ. ಹುರಿಗೆ ರಕ್ತದ ಹರಿವೇ ಕಡಿಮೆ. ಒಮ್ಮೆ ಹರಿದರೆ ತಿಂಗಳುಗಟ್ಟಲೆ ಲಾಯದಲ್ಲಿ ನಿಲ್ಲಿಸಬೇಕು. ರಜೆಯಿಂದ ಬಂದ ಕುದುರೆಯಲ್ಲಂತೂ ಇದು ಇನ್ನೂ ಮೋಸ ಮಾಡುತ್ತದೆ. ನಾಲ್ಕು ವಾರ ಬಿಟ್ಟರೂ ಎದೆಯ ಶಕ್ತಿ ಅಷ್ಟಾಗಿ ಇಳಿದಿರುವುದಿಲ್ಲ. ಬೆಲ್ಟಿನ ಅಂಕೆ ಚೆನ್ನಾಗಿಯೇ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು?

ವಾರಕ್ಕೆರಡು ಸಲ ಸವಾರಿ ಮಾಡುವವರು ಸ್ಟೆತೊಸ್ಕೋಪ್, ಜ್ವರಮಾಪಕ, ಟೇಪು ಮತ್ತು ಒಂದು ನೋಟ್‌ಬುಕ್ ತಗೊಳ್ಳಿ. ಇಷ್ಟಕ್ಕೇ ನಿಲ್ಲಿಸಿ. ಕೆಲಸ ನಿಂತು ಹತ್ತು ನಿಮಿಷಕ್ಕೆ ಬಡಿತ ಎಷ್ಟು ಎಂದು ಬರೆಯುತ್ತಾ ಹೋಗಿ. ಒಂದು ದಿನ ಕಾರಣವಿಲ್ಲದೆ ಜಾಸ್ತಿ ಬಂದರೆ ಅವತ್ತೇ ಮೈ ಕಾಲು ಪರೀಕ್ಷಿಸಿ.

ಎಂಡ್ಯೂರೆನ್ಸ್ ಮಾಡುವವರಿಗೆ ಬೆಲ್ಟ್ ಮತ್ತು ಜಿಪಿಎಸ್ ಖಂಡಿತ ಬೇಕು. ದಾರಿಯಲ್ಲೇ ವೇಗ ತಗ್ಗಿಸಬೇಕಾ ಎಂದು ಅದು ಹೇಳುತ್ತದೆ, ವೆಟ್‌ಗೇಟಿಗೆ ಬಂದ ಮೇಲೆ ಪರಿತಪಿಸುವುದು ತಪ್ಪುತ್ತದೆ. ಲ್ಯಾಕ್ಟೇಟ್ ಅಲ್ಲಿ ಅಷ್ಟು ಮುಖ್ಯವಲ್ಲ, ಅವರ ಬಹುಪಾಲು ಕೆಲಸ ಗೆರೆಯ ಕೆಳಗೇ ನಡೆಯುತ್ತದೆ.

ರೇಸ್ ಲಾಯದವರು ಬೆಲ್ಟಿನಿಂದ ಶುರು ಮಾಡಿ. ಅದರ ಅಂಕೆಗಳನ್ನು ಒಂದು ಸೀಸನ್ ಪೂರ್ತಿ ಒಂದೇ ಶಿಸ್ತಿನಲ್ಲಿ ಹಿಡಿಯಲು ಆಗುತ್ತದಾ ನೋಡಿ. ಅದು ಸಾಧ್ಯವಾದರೆ ಮಾತ್ರ ಲ್ಯಾಕ್ಟೇಟ್ ಮೀಟರ್ ಮತ್ತು ಅದಕ್ಕೆ ಬರುವ ಪಶುವೈದ್ಯರ ಖರ್ಚು ಯೋಚಿಸಿ. ಮೂವತ್ತು ಕುದುರೆಗೆ ತಿಂಗಳಿಗೊಮ್ಮೆ ಚುಚ್ಚುವುದಕ್ಕಿಂತ, ಮುಖ್ಯವಾದ ನಾಲ್ಕೈದಕ್ಕೆ ಎರಡು ವಾರಕ್ಕೊಮ್ಮೆ ಮಾಡುವುದು ಮೇಲು.

ಯಾವುದನ್ನೇ ಕೊಂಡರೂ ಕಾಲು ಮುಟ್ಟಿ ನೋಡುವ ಕೆಲಸವನ್ನು ಸೈಸ್‌ಗೇ ಬಿಡಿ. ದಿನಾ ಬೆಳಿಗ್ಗೆ ಆ ನಾಲ್ಕು ಕಾಲುಗಳನ್ನು ಸವರುವ ಕೈಗೆ ಬಲಗಾಲು ಎಡಗಾಲಿಗಿಂತ ಸ್ವಲ್ಪ ಬಿಸಿ ಇದ್ದರೂ ಗೊತ್ತಾಗುತ್ತದೆ. 'ಸಾರ್, ಇವತ್ತು ಬಲಗಾಲು ಬೆಚ್ಚಗಿದೆ' ಎಂದು ಆತ ಹೇಳಿದ ದಿನ ಬೆಲ್ಟಿನ ಅಂಕೆ ಎಷ್ಟೇ ಚೆನ್ನಾಗಿದ್ದರೂ ಗ್ಯಾಲಪ್ ರದ್ದು ಮಾಡಿ, ಬರೀ ನಡೆಸಿ, ಪಶುವೈದ್ಯರಿಗೆ ಫೋನ್ ಮಾಡಿ.